ಹವೀಜದ ಹದ

ಹುರಿದ ಜೀರಿಗೆಯ ತಾಟು ಹಿಡಿದುಕೊಂಡು ಸುವರ್ಣಾ ಅಡುಗೆಮನೆಯಿಂದ ಪಡಸಾಲೆಗೆ ಬಂದಾಗ ಅತ್ತೆ ಗೌರವ್ವ ಮಂಚದ ಮೇಲೆ ಗೋಡೆಗೆ ಒರಗಿ ನೆಟ್ಟಗೆ ಕೂತಿದ್ದಳು. ಬಲಗಣ್ಣಿಗೆ ಬಿಳಿ ಪಟ್ಟಿ, ಅದರ ಮೇಲೆ ಕಪ್ಪು ಕನ್ನಡಕ. ಮೊನ್ನೆ ಹುಬ್ಬಳ್ಳಿಗೆ ಹೋಗಿ ಪೊರೆ ತೆಗೆಸಿಕೊಂಡು ಬಂದದ್ದು. ಎಡಗಣ್ಣಿನ ಸರದಿ ಮುಂದಿನ ತಿಂಗಳು. ಸದ್ಯಕ್ಕೆ ಅದರಲ್ಲಿ ಬಾಗಿಲು ಎಲ್ಲಿದೆ, ಬೆಳಕು ಎಲ್ಲಿದೆ ಅನ್ನುವಷ್ಟೇ ಕಾಣುತ್ತಿತ್ತು. ಸುವರ್ಣಾ ತಾಟನ್ನು ಅತ್ತೆಯ ಮೂಗಿನ ಹತ್ತಿರ ಒಯ್ದಳು. ಗೌರವ್ವ ಪೂಜೆಗೆ ಕೂತವಳ ಗಾಂಭೀರ್ಯದಿಂದ ಉಸಿರೆಳೆದು, ಎರಡು ಕಾಳನ್ನು ಬೆರಳಲ್ಲಿ ಉಜ್ಜಿ, ಸಾಕು ಅಂದಳು. ಸುವರ್ಣಾಗೆ ಜೀರಿಗೆ ಇನ್ನೂ ಹಸಿಯಾಗಿದೆ ಅನಿಸಿತು. ಅನಿಸಿತು, ಅಷ್ಟೇ. ಅನಿಸಿದ್ದನ್ನೆಲ್ಲ ನಂಬಿ ಸಂಸಾರ ಮಾಡಲಿಕ್ಕಾಗುತ್ತದೆಯೇ? ಅವಳು ಬಿ.ಎಸ್ಸಿ. ಮಾಡಿದವಳು, ಮದುವೆಗೆ ಮುಂಚೆ ಗಜೇಂದ್ರಗಡದಲ್ಲಿ ಎರಡು ವರ್ಷ ಹೈಸ್ಕೂಲು ಹುಡುಗಿಯರಿಗೆ ವಿಜ್ಞಾನ ಕಲಿಸಿದವಳು. ಅನಿಸಿಕೆಗೆ ಮಾರ್ಕು ಕೊಡುವ ಪದ್ಧತಿ ಅವಳಲ್ಲಿ ಇರಲಿಲ್ಲ. ನಿನ್ನೆ ಅತ್ತೆಯ ಕಣ್ಣಿಗೆ ಔಷಧಿ ಬಿಡುವಾಗ ತನಗೆ ಎರಡು ಸೀನು ಬಂದಿದ್ದವು. ನೆಗಡಿ ಹಿಡಿಯುತ್ತಿರಬೇಕು, ಕೆಟ್ಟಿರುವುದು ತನ್ನ ಮೂಗೇ ಇರಬೇಕು ಎಂದುಕೊಂಡು ಜೀರಿಗೆಯನ್ನು ಆರಲು ಹಾಸಿದ ಬಟ್ಟೆಯ ಮೇಲೆ ಸುರಿದಳು.

ಒಲೆಯ ಪಕ್ಕದ ಗೂಡಿನಲ್ಲಿ ನೀಲಿ ರಟ್ಟಿನ ನೋಟುಬುಕ್ಕು ತೆರೆದಿತ್ತು. ವರ್ಷಕ್ಕೊಮ್ಮೆ, ಬಿಸಿಲು ಬಲಿತ ಮೇಲೆ, ನರಗುಂದದ ಈ ಮನೆಯಲ್ಲಿ ಮುಂದಿನ ಬೇಸಿಗೆಯ ತನಕ ಸಾಲುವಷ್ಟು ಮಸಾಲೆ ಖಾರ ಮಾಡುತ್ತಾರೆ. ಮೆಣಸಿನಕಾಯಿ ಒಣಗಿಸಿ ತೊಟ್ಟು ಬಿಡಿಸುವುದು, ಹವೀಜ ಅಂದರೆ ಕೊತ್ತಂಬರಿ ಬೀಜದಿಂದ ಹಿಡಿದು ದಗಡಹೂವು ಎನ್ನುವ ಕಲ್ಲುಹೂವಿನ ತನಕ ಒಂದೊಂದನ್ನೇ ಬೇರೆ ಬೇರೆ ಹುರಿಯುವುದು, ಎಲ್ಲ ಕೂಡಿಸಿ ಗಿರಣಿಗೆ ಒಯ್ಯುವುದು. ಇದಕ್ಕೆ ಅಳತೆ ಇದೆ, ಆದರೆ ಹುರಿಯುವುದಕ್ಕೆ ಅಳತೆಯಿಲ್ಲ. ಸೊಸೆ ಕೈಯಾಡಿಸುತ್ತಿರುವಾಗ ಗೌರವ್ವ ಒಲೆಯ ಎದುರು ಮಣೆ ಹಾಕಿಕೊಂಡು ಕೂತು ಸಾಕು ಅನ್ನುತ್ತಾಳೆ, ಅದೇ ಅಳತೆ. ಸುವರ್ಣಾ ಮೂರು ವರ್ಷದಿಂದ ಆ ಸಾಕು ಬಿದ್ದ ಗಳಿಗೆಯನ್ನು ಗಡಿಯಾರ ನೋಡಿ ಬರೆದಿಟ್ಟುಕೊಂಡು ಬಂದಿದ್ದಾಳೆ. ಮೆಂತ್ಯಕ್ಕೆ ಇಷ್ಟು ನಿಮಿಷ, ಕೊಬ್ಬರಿಗೆ ಇಷ್ಟು. ತೊಂದರೆ ಏನೆಂದರೆ ಯಾವ ವರ್ಷದ್ದೂ ಇನ್ನೊಂದು ವರ್ಷಕ್ಕೆ ಹೊಂದುತ್ತಿರಲಿಲ್ಲ. ಒಮ್ಮೆ ಹವೀಜಕ್ಕೆ ಆರು ನಿಮಿಷ, ಮರುವರ್ಷ ಒಂಬತ್ತೂವರೆ. ಬೇರೆ ಯಾರಾದರೂ ಇದ್ದಿದ್ದರೆ ನೋಟುಬುಕ್ಕನ್ನು ಒಲೆಗೆ ಹಾಕುತ್ತಿದ್ದರು. ಸುವರ್ಣಾ ಸರಾಸರಿ ತೆಗೆದಳು. ಏಳು ನಿಮಿಷ ನಲವತ್ತೆರಡು ಸೆಕೆಂಡು ಎಂದು ಬರೆದು ಕೆಳಗೆ ಕೆಂಪು ಗೆರೆ ಎಳೆದಳು. ಗಂಡ ಕೊಟ್ರೇಶ ಒಮ್ಮೆ ಆ ಪುಟ ನೋಡಿ, ನಲವತ್ಮೂರನೇ ಸೆಕೆಂಡಿಗೆ ಏನಾಗುತ್ತದೆ ಎಂದು ಕೇಳಿದ್ದ. ಅವಳು ಎರಡು ದಿನ ಅವನ ಜೊತೆ ಸರಿಯಾಗಿ ಮಾತಾಡಿರಲಿಲ್ಲ.

ಈ ವರ್ಷ ಎಲ್ಲ ತಲೆಕೆಳಗಾಗಿತ್ತು. ಹದಿನೈದು ದಿನ ಹೊಗೆ, ಘಾಟು ಏನೂ ಕೂಡದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಹದಿನೈದು ದಿನ ಕಾಯೋಣವೆಂದರೆ ಮಾಳಿಗೆಯ ಮೇಲೆ ಮೆಣಸಿನಕಾಯಿ ಆಗಲೇ ಗರಿಗರಿಯಾಗಿತ್ತು, ನಿನ್ನೆ ಸಂಜೆ ಗುಡ್ಡದ ಆಚೆ ಮೋಡ ಕಟ್ಟಿ ಗುಡುಗಿತ್ತು. ಒಂದು ಹನಿ ಬಿದ್ದರೂ ಕಾಯಿ ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆ. ಗಿರಣಿಯ ಬಾಷಾ ಇವತ್ತು ನಾಲ್ಕು ಗಂಟೆಗೆ ಪಾಳಿ ಕೊಟ್ಟಿದ್ದ, ತಪ್ಪಿದರೆ ವಾರ ಬಿಟ್ಟು ಬರ್ರಿ ಅಂದಿದ್ದ. ಹಾಗಾಗಿ ಗೌರವ್ವನೇ ತೀರ್ಮಾನ ಕೊಟ್ಟಿದ್ದಳು: ನಡುವಿನ ಬಾಗಿಲು ಹಾಕಿಕೊಂಡು ನೀನು ಹುರಿ, ತಾಟಿನಲ್ಲಿ ಸ್ವಲ್ಪ ತಂದು ನನ್ನ ಮೂಗಿಗೆ ಹಿಡಿ, ನಾನು ಹೇಳುತ್ತೇನೆ. ಹೇಳುವಾಗ ಅವಳ ದನಿಯಲ್ಲಿ ಎಂದಿನ ಜೋರು ಸ್ವಲ್ಪ ಕಡಿಮೆಯಿತ್ತು. ಆಪರೇಷನ್ನಿನ ಸುಸ್ತು ಎಂದು ಸುವರ್ಣಾ ತಿಳಿದಿದ್ದಳು.

ಅಷ್ಟು ಹೆದರಿಕೆ ಯಾಕೆ ಎಂದು ಯಾರಾದರೂ ಕೇಳಬಹುದು, ಖಾರ ತಾನೆ. ಕೇಳುವವರು ಆ ಮೊದಲನೆಯ ವರ್ಷದ ಖಾರ ಉಂಡವರಲ್ಲ. ಮದುವೆಯಾಗಿ ಬಂದ ಮೊದಲ ಬೇಸಿಗೆ, ಅತ್ತೆ ರಾಜೂರಿಗೆ ತೀರಿಕೊಂಡ ಯಾರದೋ ಮಣ್ಣಿಗೆ ಹೋಗಿದ್ದಾಗ, ಹೊಸ ಸೊಸೆ ತಾನೇ ಎಲ್ಲ ಮಾಡಿ ತೋರಿಸುತ್ತೇನೆಂದು ಹವೀಜ ಹುರಿಯಲು ಕೂತಿದ್ದಳು. ಆ ದಿನ ಬಾಣಲೆಯಿಂದ ಒಂದು ಒಳ್ಳೆಯ ವಾಸನೆ ಎದ್ದಿತ್ತು, ಈಗಲೂ ಅವಳಿಗೆ ನೆನಪಿದೆ, ಈಗ ಇಳಿಸು ಎಂದು ಯಾರೋ ಮೊಣಕೈ ಹಿಡಿದು ಹೇಳಿದಷ್ಟು ಸ್ಪಷ್ಟವಾಗಿತ್ತು. ಇನ್ನೂ ಸರಿಯಾಗಿ ಆಗಲಿ, ಎಲ್ಲ ಕಾಳೂ ಒಂದೇ ಬಣ್ಣಕ್ಕೆ ಬರಲಿ, ಒಂದು ಕಾಳೂ ಬೆಳ್ಳಗೆ ಉಳಿಯಬಾರದು ಎಂದು ಅವಳು ಬಾಣಲೆಯೊಳಗೆ ಬಗ್ಗಿ ಬಗ್ಗಿ ಬಿಳಿ ಕಾಳು ಹುಡುಕಿದಳು. ಒಂದೂ ಬೆಳ್ಳಗೆ ಉಳಿಯಲಿಲ್ಲ. ಖಾರ ಕಹಿಯಾಯಿತು. ಎಸೆಯಲಿಕ್ಕೆ ಅದು ಒಂದು ಬೋಗುಣಿ ಸಾರಲ್ಲ, ವರ್ಷದ ಖಾರ. ಮನೆಮಂದಿಯೆಲ್ಲ ಹೊತ್ತು ಹೊತ್ತಿಗೆ ಅದನ್ನೇ ಉಂಡರು. ಯಾರೂ ಏನೂ ಅನ್ನಲಿಲ್ಲ, ಅದೇ ತಡೆಯಲಾರದ್ದು. ಮಾವ ಬದನೆಕಾಯಿ ಪಲ್ಯ ಬಾಯಿಗಿಟ್ಟು ಒಂದು ಕ್ಷಣ ನಿಲ್ಲಿಸಿ ಆಮೇಲೆ ಅಗಿಯುತ್ತಿದ್ದರು. ಆ ನಿಲ್ಲಿಸುವುದನ್ನು ಸುವರ್ಣಾ ಮುನ್ನೂರ ಅರವತ್ತು ದಿನ ನೋಡಿದ್ದಳು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಬೇಗ ಮುಗಿಯಲಿ ಎಂದು ಒಂದು ದೊಡ್ಡ ಡಬ್ಬಿ ತುಂಬಿ, ಹೊಲದ ಕೆಲಸಕ್ಕೆ ಬರುವ ದೇವವ್ವನಿಗೆ ಪ್ರೀತಿಯಿಂದ ಕೊಟ್ಟವಳ ಹಾಗೆ ಕೊಟ್ಟಿದ್ದಳು. ದೇವವ್ವ ಡಬ್ಬಿ ತೊಳೆದು ತಂದು, ಭಾಳ ಚಲೋ ಇತ್ರಿ ಅಕ್ಕಾರ ಅಂದಿದ್ದಳು. ಹನ್ನೊಂದು ವರ್ಷವಾಯಿತು, ಆ ಮಾತು ಇನ್ನೂ ಚುಚ್ಚುತ್ತದೆ.

ಅದೇ ದೇವವ್ವ ಈಗ ಹಿತ್ತಲಕಟ್ಟೆಯ ಮೇಲೆ ಕೂತು ಉಳಿದ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು, ಸೆರಗು ಮೂಗಿಗೆ ಕಟ್ಟಿಕೊಂಡು. ಸುವರ್ಣಾ ಕೊಬ್ಬರಿ ತುರಿಯನ್ನು ಬಾಣಲೆಗೆ ಹಾಕಿದಳು. ನೋಟುಬುಕ್ಕಿನ ಸರಾಸರಿ ಐದು ನಿಮಿಷ ಹತ್ತು ಸೆಕೆಂಡು. ಮೂರನೆಯ ನಿಮಿಷಕ್ಕೆ ಎಣ್ಣೆ ಬಿಟ್ಟು ವಾಸನೆ ಏರಿತು, ನಾಲ್ಕು ಆಗುವುದರೊಳಗೆ ಅದು ಎಲ್ಲಿ ಮುಟ್ಟಬೇಕೋ ಅಲ್ಲಿ ಮುಟ್ಟಿತು. ಸುವರ್ಣಾಳ ಕೈ ನಿಂತಿತು. ಗಡಿಯಾರ ಇನ್ನೂ ಒಂದು ನಿಮಿಷ ಇದೆ ಅನ್ನುತ್ತಿತ್ತು. ಅವಳು ಚಮಚದಲ್ಲಿ ಒಂದಿಷ್ಟು ತೆಗೆದುಕೊಂಡು ಪಡಸಾಲೆಗೆ ಓಡಿದಳು. ಗೌರವ್ವ ಮೂಸಿದಳು, ತಡೆದಳು, ಮತ್ತೊಮ್ಮೆ ಮೂಸಿದಳು. ಕರಿಗನ್ನಡಕ ಸುವರ್ಣಾಳ ಮುಖ ಎಲ್ಲಿದೆ ಎಂದು ಹುಡುಕುವ ಹಾಗೆ ಮೇಲೆ ಕೆಳಗೆ ಆಡಿತು. ಇನ್ನೊಂದಿಷ್ಟು ಆಗಲಿ ಅಂದಳು. ತಿರುಗಿ ಬರುವ ಆ ಎಂಟು ಹೆಜ್ಜೆಗಳಲ್ಲಿ ಸುವರ್ಣಾಳ ಹೊಟ್ಟೆಯೊಳಗೆ ಯಾರೋ ಬೇಡ ಬೇಡ ಅನ್ನುತ್ತಿದ್ದರು. ಆದರೆ ನೋಟುಬುಕ್ಕೂ ಒಂದು ನಿಮಿಷ ಅನ್ನುತ್ತಿದೆ, ನಲವತ್ತು ವರ್ಷ ಖಾರ ಮಾಡಿದ ಮೂಗೂ ಇನ್ನೊಂದಿಷ್ಟು ಅನ್ನುತ್ತಿದೆ, ಇಬ್ಬರು ಸಾಕ್ಷಿ ಒಂದು ಕಡೆ ಇದ್ದಾಗ ಹೊಟ್ಟೆಯ ಮಾತಿಗೆ ಯಾವ ಬೆಲೆ. ಅವಳು ಬಾಣಲೆಯ ಮುಂದೆ ನಿಂತು, ಮುಳ್ಳು ತಿರುಗುವುದನ್ನು ನೋಡುತ್ತ, ಕಾದಳು. ಹಿತ್ತಲಿನಿಂದ ದೇವವ್ವನ ದನಿ ಬಂತು.

"ಅಕ್ಕಾರ, ಏನೋ ಹೊತ್ತಾಕತ್ತೇತಿ ನೋಡ್ರಿ."

ಇಳಿಸುವುದರೊಳಗೆ ಕೊಬ್ಬರಿ ಕಪ್ಪು ತಿರುಗಿತ್ತು. ದೇವವ್ವ ಬಾಗಿಲಿಗೆ ಬಂದು ಬಾಣಲೆ ನೋಡಿ, ಮೂಲೆಯ ಅಂಗಡಿಯಿಂದ ಬೇರೆ ಕೊಬ್ಬರಿ ಬಟ್ಟಲು ತರುತ್ತೇನೆಂದು ಚೀಲ ತೆಗೆದುಕೊಂಡು ಹೊರಟಳು. ಹಿತ್ತಲಲ್ಲಿ, ಮೆಣಸಿನಕಾಯಿಯ ರಾಶಿಯ ನಡುವೆ, ಮೂಗಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸಿಗೆ ಹೊತ್ತಿದ ವಾಸನೆ ಬಂತು. ಅಂದರೆ ಹನ್ನೊಂದು ವರ್ಷದ ಹಿಂದೆ ಆ ಡಬ್ಬಿ ಬಿಚ್ಚಿದ ಕೂಡಲೇ ಇವಳಿಗೆ ಗೊತ್ತಾಗಿತ್ತು, ಗೊತ್ತಾಗಿಯೂ ಚಲೋ ಇತ್ತು ಅಂದಳು. ಸುವರ್ಣಾಳ ಕಿವಿ ಬಿಸಿಯಾಯಿತು. ಆ ನಾಚಿಕೆಯ ಹಿಂದೆಯೇ ಇನ್ನೊಂದು ವಿಚಾರ ಬಂತು. ಬಾಗಿಲಾಚೆಗಿನ ದೇವವ್ವನಿಗೆ ಬಂದ ವಾಸನೆ, ಚಮಚ ಮೂಗಿಗೇ ತಾಗಿಸಿದ ಅತ್ತೆಗೆ ಹೇಗೆ ಬರಲಿಲ್ಲ? ಬೆಳಗಿನ ಜೀರಿಗೆ. ಅದೂ ಹಸಿಯೇ ಇತ್ತು, ತನಗೆ ನೆಗಡಿ ಇರಲಿಲ್ಲ. ಅವಳು ಒಲೆ ಆರಿಸಿ, ಹೊಗೆ ಇಳಿದ ಮೇಲೆ ಸುಟ್ಟ ಕೊಬ್ಬರಿಯ ಬಾಣಲೆಯನ್ನೇ ಎತ್ತಿಕೊಂಡು ಪಡಸಾಲೆಗೆ ಹೋಗಿ ಅತ್ತೆಯ ಮುಖದ ಮುಂದೆ ಹಿಡಿದಳು. ತಾನು ಮಾಡುತ್ತಿರುವುದು ಹಿರಿಯರ ಪರೀಕ್ಷೆ, ಇದು ಒಳ್ಳೆಯ ಸೊಸೆ ಮಾಡುವ ಕೆಲಸವಲ್ಲ ಎಂದು ಗೊತ್ತಿತ್ತು. ಕೈ ಹಿಂದೆ ತೆಗೆಯಲಿಲ್ಲ.

ಗೌರವ್ವ ಉಸಿರೆಳೆದಳು. "ಹಾಂ, ಈಗ ಬರೋಬರಿ ಆತು," ಅಂದಳು.

ಸುವರ್ಣಾ ಬಾಣಲೆಯನ್ನು ನೆಲಕ್ಕಿಟ್ಟು ಮಂಚದ ಅಂಚಿನಲ್ಲಿ ಕೂತಳು. ಕೊಬ್ಬರಿ ಸುಟ್ಟು ಹೋಗಿದೆ ಎಂದು ಹೇಳಿದಳು, ಮೆಲ್ಲಗೆ, ಯಾರದೋ ಸಾವಿನ ಸುದ್ದಿ ಹೇಳುವ ದನಿಯಲ್ಲಿ. ಗೌರವ್ವ ಕನ್ನಡಕ ಮೇಲೆತ್ತಿದಳು. ಪಟ್ಟಿಯ ಕೆಳಗೆ ನೀರು ಇಳಿಯಿತೇನೋ, ಬೆರಳಿನಿಂದ ಒರೆಸಲು ಹೋದಳು; ಕಣ್ಣು ಮುಟ್ಟಬಾರದೆಂದು ಸುವರ್ಣಾ ಆ ಕೈಯನ್ನು ಹಿಡಿದುಕೊಂಡಳು. ಊರಿಗೇ ಹೆಸರಾದ ಮೂಗು ಗೌರವ್ವನದು. ಯಾರ ಮನೆಯ ತುಪ್ಪದಲ್ಲಿ ಎಷ್ಟು ಡಾಲ್ಡಾ ಎಂದು ಬೀದಿಯಲ್ಲೇ ಹೇಳುತ್ತಿದ್ದಳು. ರೈತರ ಕಾಳು ಮಾರಿಸಿಕೊಡುವ ಮಾವನ ಅಡತಿ ಅಂಗಡಿಯಲ್ಲಿ ಕಡಲೆಯ ಚೀಲ ಒಳಗೆ ಬಿಸಿಯಾಗಿದೆಯೋ ಇಲ್ಲವೋ ನೋಡಲು ಅವಳನ್ನು ಕರೆಸುತ್ತಿದ್ದರು.

"ನನಗ ವಾಸನಿ ಬರೂದಿಲ್ಲ," ಅಂದಳು. "ಕೊರೋನಾ ಬಂದು ಹೋತಲ್ಲ, ಆವಾಗ ಹೋಗಿದ್ದು ತಿರುಗಿ ಬರಲೇ ಇಲ್ಲ. ಮೂಗ ಹೋತು ಅಂದ್ರ ಈ ಮನ್ಯಾಗ ನನ್ನ ಕಡೆ ಏನ ಉಳೀತು ಅಂತ ಹೇಳಲಿಲ್ಲ."

"ಮತ್ತ ಈ ಮೂರ ವರ್ಷ ನೀವ ಸಾಕ ಅಂದದ್ದು?"

"ನಿನ್ನ ಮಾರಿ ನೋಡಿ ಅಂತಿದ್ದೆ."

ತನ್ನ ಮುಖ ನೋಡಿ ಅಂದರೇನೆಂದು ಸುವರ್ಣಾಗೆ ತಿಳಿಯಲಿಲ್ಲ. ಗೌರವ್ವ ಬಿಡಿಸಿ ಹೇಳಿದಳು, ಒಮ್ಮೆ ಬಾಯಿಬಿಟ್ಟ ಮೇಲೆ ಹಗುರಾದವಳಂತೆ. "ಹದ ಬಂದ ಕೂಡಲೇ ನೀ ಕೈಯಾಡ್ಸೂದ ಬಿಡ್ತಿ. ಒಂದ ಗಳಿಗಿ, ಭಾಳಿಲ್ಲ. ಗದ್ದ ಮ್ಯಾಲ ಮಾಡ್ತಿ. ಆಮ್ಯಾಲ ನಿನಗ ನಿನ್ನ ಮ್ಯಾಲ ಸಂಶೇ ಬರತೈತಿ, ಗಡಿಯಾರ ನೋಡ್ತಿ. ನೀ ಗಡಿಯಾರ ನೋಡೂದ್ರಾಗ ನಾ ಸಾಕ ಅಂತಿದ್ದೆ. ಒಂದ ಸಲಾನೂ ತಪ್ಪಿಲ್ಲ ನೋಡ ನೀ. ಇವತ್ತ ಮಾರಿ ಕಾಣವಲ್ದು, ಏನ ಮಾಡಲಿ?"

ಮೊದಲು ಬಂದದ್ದು ಸಿಟ್ಟು. ಮೂರು ವರ್ಷ ತನ್ನನ್ನು ಮೂರ್ಖಳನ್ನಾಗಿ ಮಾಡಿದರಲ್ಲ ಎಂದು. ಹೋದ ವರ್ಷ ಬಾಷಾ ಗಿರಣಿಯ ಬಾಯಿಂದ ಬೀಳುತ್ತಿದ್ದ ಪುಡಿಯನ್ನು ಅಂಗೈಗೆ ಹಿಡಿದು, ಗೌರವ್ವಾರ ಮೂಗ ಅಂದ್ರ ಮೂಗು ಎಂದು ಎಲ್ಲರ ಮುಂದೆ ಅಂದಾಗ ಸುವರ್ಣಾ ಚೀಲದ ಬಾಯಿ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ರಾಜೂರಿನ ನೆಂಟರು, ನಿಮ್ಮ ಖಾರ ಈಗೀಗ ಮೊದಲಿಗಿಂತ ಚಲೋ ಆಗುತ್ತದೆ ಎಂದು ಖಾಲಿ ಡಬ್ಬಿ ಕಳಿಸಿದಾಗ ತಾನೇ ತುಂಬಿ ಕೊಟ್ಟು, ಅತ್ತೆಯವರ ಕೈಗುಣ ಅಂದಿದ್ದಳು. ಸುಳ್ಳು ವಿನಯವೂ ಅಲ್ಲ ಅದು, ನಿಜವೆಂದೇ ನಂಬಿದ್ದಳು. ತನ್ನ ಗದ್ದ ಮೇಲಾದ ಹೊತ್ತನ್ನು ಅತ್ತೆ ಹಿಡಿದು ಹೇಳುತ್ತಿದ್ದಳು, ಅದನ್ನೇ ತಾನು ಅತ್ತೆಯ ಜ್ಞಾನವೆಂದು ಬರೆದುಕೊಂಡು, ಮೂರು ವರ್ಷದ್ದು ಕೂಡಿಸಿ ಭಾಗಿಸಿ, ಅದರ ಮೇಲೆ ಕಾದು ಕೂತು, ಕೊಬ್ಬರಿ ಸುಟ್ಟಳು. ಇದಕ್ಕಿಂತ ದೊಡ್ಡ ದಡ್ಡತನ ಗಜೇಂದ್ರಗಡದ ಒಂಬತ್ತನೇ ಇಯತ್ತೆಯ ಹುಡುಗಿಯರೂ ಮಾಡಿರಲಿಕ್ಕಿಲ್ಲ. ಆ ಹುಡುಗಿಯರಲ್ಲೊಬ್ಬಳು, ಅನಿತಾ ಎಂದೇನೋ ಹೆಸರು, ಲೆಕ್ಕ ಮಾಡದೆ ಉತ್ತರ ಹೇಳುತ್ತಿದ್ದಳು. ಸರಿಯಾದ ಉತ್ತರವನ್ನೇ. ಹಂತಗಳಿಲ್ಲ ಎಂದು ಸುವರ್ಣಾ ಸೊನ್ನೆ ಕೊಟ್ಟಿದ್ದಳು. ಟೀಚರ್, ನನಗ ಗೊತ್ತಾಗಿ ಬಿಡತೈತ್ರಿ ಎಂದು ಆ ಹುಡುಗಿ ನಿಂತುಕೊಂಡು ಹೇಳಿದಾಗ ಇಡೀ ವರ್ಗ ನಕ್ಕಿತ್ತು, ಸುವರ್ಣಾ ನಗಲು ಬಿಟ್ಟಿದ್ದಳು. ಆ ಸೊನ್ನೆಯನ್ನು ಈಗ ಯಾರಿಗೆ ಕೊಡಬೇಕು ಎಂದು ಅವಳಿಗೆ ಗೊತ್ತಾಯಿತು.

ಆದರೆ ಮನಸ್ಸು ಅಲ್ಲೇ ನಿಲ್ಲಲಿಲ್ಲ. ಬೈದುಕೊಳ್ಳುತ್ತ ಕೂತಿದ್ದವಳಿಗೆ ಒಂದು ಮಾತು ಮತ್ತೆ ಮತ್ತೆ ಎದುರು ಬಂದು ನಿಂತಿತು: ಒಂದು ಸಲವೂ ತಪ್ಪಿಲ್ಲ. ಮೂರು ಬೇಸಿಗೆ, ಒಂದೊಂದರಲ್ಲಿ ಹನ್ನೆರಡು ಪದಾರ್ಥ, ಒಮ್ಮೆಯೂ ತಪ್ಪಿಲ್ಲ. ಆರು ನಿಮಿಷದ್ದೂ ಸರಿಯಿತ್ತು, ಒಂಬತ್ತೂವರೆಯದ್ದೂ ಸರಿಯಿತ್ತು, ಯಾಕೆಂದರೆ ಆ ವರ್ಷದ ಬೀಜ ಬೇರೆ, ಬಿಸಿಲು ಬೇರೆ, ಉರಿ ಬೇರೆ. ತಪ್ಪಿದ್ದದ್ದು ಸರಾಸರಿ ಒಂದೇ. ಮೊದಲ ವರ್ಷ ಮೊಣಕೈ ಹಿಡಿದು ಇಳಿಸು ಅಂದದ್ದೂ ಸರಿಯೇ ಇತ್ತು ಹಾಗಾದರೆ. ಅವತ್ತು ಅವಳಿಗೆ ಬರದೇ ಇದ್ದದ್ದು ಖಾರವಲ್ಲ. ಬರುತ್ತದೆ ಎಂದು ಒಪ್ಪಿಕೊಳ್ಳಲು ಬರುತ್ತಿರಲಿಲ್ಲ. ಸುವರ್ಣಾಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ, ಜೋರಾಗಿಯೇ ನಕ್ಕಳು. ಗೌರವ್ವ ಗಾಬರಿಯಾಗಿ ಅಳುತ್ತಿದ್ದೀಯಾ ಎಂದು ಕೇಳಿದಳು. ಇಲ್ಲ ಅಂದಳು ಸುವರ್ಣಾ. ಅತ್ತೆಯ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ, ಆ ಕೈ ತಣ್ಣಗಿತ್ತು. ಈ ಮುದುಕಿ ಮೂರು ವರ್ಷ ರುಚಿ ವಾಸನೆಯಿಲ್ಲದ ಊಟ ಉಂಡು ಚಲೋ ಆಗೇತಿ ಎಂದು ತಲೆದೂಗಿದ್ದಾಳೆ, ತಾನು ಓದಿದ್ದು ಇವಳ ಮುಖವನ್ನಲ್ಲ, ಬರೀ ಗಡಿಯಾರದ ಮುಖವನ್ನು ಎಂದು ಅನಿಸಿತು.

ಗಂಟೆ ಎರಡೂವರೆ. ದೇವವ್ವ ಕೊಬ್ಬರಿ ತಂದು ಹೆರೆದೂ ಕೊಟ್ಟಳು. ಸುವರ್ಣಾ ಹಸಿ ಜೀರಿಗೆಯನ್ನು ಬಟ್ಟೆಯಿಂದ ಎತ್ತಿ ಮತ್ತೆ ಬಾಣಲೆಗೆ ಹಾಕಿ ಹುರಿದಳು, ಕೊಬ್ಬರಿ ಹುರಿದಳು, ಯಾರನ್ನೂ ಕೇಳಲಿಲ್ಲ. ಕೊನೆಗೆ ಉಳಿದದ್ದು ಹವೀಜ, ಎಲ್ಲಕ್ಕಿಂತ ಹೆಚ್ಚಿನದು, ಕೆಟ್ಟರೆ ವರ್ಷವೇ ಕೆಡುವಂಥದು. ಇದಕ್ಕೆ ಬದಲಿ ತರಲು ಹೊತ್ತೂ ಇಲ್ಲ, ಅಂಗಡಿಯಲ್ಲಿ ಇಂಥ ಬೀಜವೂ ಇಲ್ಲ. ಚಿಕ್ಕನರಗುಂದದ ಹೊಲದಲ್ಲಿ ಮನೆಯವರೇ ಬೆಳೆದದ್ದು. ದೊಡ್ಡ ಬಾಣಲೆ ಕಾಯಿಸಿ ಬೀಜ ಸುರಿದಳು. ಹೆದರಿಕೆ ಹೋಗಿರಲಿಲ್ಲ, ಹೋಗುತ್ತದೆ ಎಂದು ಅವಳು ಕಾಯಲೂ ಇಲ್ಲ. ಹವೀಜಕ್ಕೆ ಕಣ್ಣುರಿಸುವ ಘಾಟಿಲ್ಲವಾದ್ದರಿಂದ ನಡುವಿನ ಬಾಗಿಲನ್ನು ತೆರೆದೇ ಇಟ್ಟಿದ್ದಳು.

"ಸುವರ್ಣಾ," ಪಡಸಾಲೆಯಿಂದ ಗೌರವ್ವ ಕರೆದಳು. "ಈಗ ವಾಸನಿ ಹ್ಯಾಂಗ ಬರಾಕತ್ತೇತಿ? ನನಗಷ್ಟ ಹೇಳ."

ಕೇಳಿದ ರೀತಿಯಲ್ಲಿ ಅಧಿಕಾರವಿರಲಿಲ್ಲ, ಆಸೆಯಿತ್ತು. ಸುವರ್ಣಾ ಸೌಟು ಆಡಿಸುತ್ತಲೇ ಯೋಚಿಸಿದಳು. ವಾಸನೆಯನ್ನು ಅವಳು ಯಾವತ್ತೂ ಮಾತಿನಲ್ಲಿ ಹೇಳಿದವಳಲ್ಲ, ನಿಮಿಷದಲ್ಲಿ ಹೇಳಿದವಳು. ಈಗಷ್ಟೇ ಲಿಂಬಿಹಣ್ಣಿನ ಸಿಪ್ಪೆ ಉಗುರಿನಿಂದ ಗೀರಿದ ಹಾಗೆ ಬರುತ್ತಿದೆ ಅಂದಳು. ಗೌರವ್ವ ಹಾಂ ಅಂದಳು. ಸ್ವಲ್ಪ ಹೊತ್ತಿಗೆ, ಹಸಿ ಹೋಯಿತು, ಮೂಗಿನ ತುದಿಗೆ ಬಡಿಯುತ್ತಿದ್ದದ್ದು ಈಗ ಒಳಗೆ ಇಳಿಯುತ್ತಿದೆ ಅಂದಳು. ಹೇಳುತ್ತ ಹೇಳುತ್ತ ಮಾತು ತಾನಾಗಿಯೇ ಬರತೊಡಗಿತು, ದನಿ ಎತ್ತರಿಸಿ ಹೇಳಿದಳು, ಹಿತ್ತಲಲ್ಲಿ ದೇವವ್ವ ತೊಟ್ಟು ಬಿಡಿಸುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು.

"ಬಿಸಲಾಗ ಒಣಾ ಹಾಕಿದ ಹಾಸಿಗಿ ಸಂಜೀ ಮುಂದ ಮಡಚಿ ಒಳಗ ತರತೀವಲ್ರಿ, ಆವಾಗ ಮಾರಿಗೆ ಬರತೈತಿ ನೋಡ್ರಿ, ಹಂತಾದು. ಒಳಗ ಒಂದೀಟ ಸಿಹಿ ಐತ್ರಿ, ಈಗ ಅದು..."

ಮಾತು ಅಲ್ಲಿಗೇ ನಿಂತಿತು. ಯಾಕ ಸುಮ್ಮನಾದಿ ಎಂದು ಗೌರವ್ವ ಕೇಳಿದಳು. ಸುವರ್ಣಾ ಕೆಳಗೆ ನೋಡಿದಳು. ಬಾಣಲೆ ಒಲೆಯ ಮೇಲೆ ಇರಲಿಲ್ಲ. ಎರಡೂ ಕೈಯಲ್ಲಿ ಮಸಿಬಟ್ಟೆ ಹಿಡಿದು ಅವಳೇ ಅದನ್ನು ಇಳಿಸಿದ್ದಳು, ಹವೀಜ ಅರ್ಧ ಆಗಲೇ ಬಟ್ಟೆಯ ಮೇಲೆ ಬಿದ್ದಿತ್ತು, ಉಳಿದರ್ಧ ಜಾರುತ್ತಿತ್ತು. ಯಾವಾಗ ಇಳಿಸಿದಳೋ ಅವಳಿಗೇ ತಿಳಿಯದು. ರಾಶಿಯ ಮೇಲೆ ಅಲ್ಲಲ್ಲಿ ಬಿಳಿ ಕಾಳುಗಳಿದ್ದವು. ಇರಲಿ ಬಿಡು ಅನಿಸಿತು.

"ಇಳಿಸೇನ್ರಿ," ಅಂದಳು.

"ಇಳಿಸಿದ್ದ ಕೇಳಲಿಲ್ಲ ನಾ," ಅಂದಳು ಗೌರವ್ವ. "ವಾಸನಿ ಪೂರಾ ಹೇಳ."

ಗಿರಣಿಗೆ ಹೊತ್ತಾಗುತ್ತಿತ್ತು. ಸುವರ್ಣಾ ಕೈ ಒರೆಸಿಕೊಂಡು ಪಡಸಾಲೆಗೆ ಹೋಗಿ ಅತ್ತೆಯ ಪಕ್ಕದಲ್ಲಿ ಕೂತು, ಲಿಂಬಿ ಸಿಪ್ಪೆಯಿಂದ ಮತ್ತೆ ಶುರುಮಾಡಿದಳು.